ಸೀಲಿಂಗಿನ ಮೇಲೆ ಇಣುಕಿದವಳು

ಪ್ರೀತಿಯ ಸೋದರಮಾವನವರಿಗೆ,

ಅಡ್ಡಗೋಡೆಯ ಮೇಲೆ ದೀಪ ಇಡುವುದು ನನಗೆ ಬರುವುದಿಲ್ಲ, ನೇರವಾಗಿ ಬರೆಯುತ್ತೇನೆ. ಹಳೆಯ ಆಸ್ಪತ್ರೆಯ ನವೀಕರಣದ ಎಸ್ಟಿಮೇಟಿಗೆ ನಾನು ಸಹಿ ಹಾಕುವುದಿಲ್ಲ. ಸೀಲಿಂಗಿನ ಮೇಲಿರುವ ಆಸ್ಬೆಸ್ಟಾಸ್ ಶೀಟುಗಳನ್ನು ನೆನೆಸಿ, ಕೋಣೆ ಮುಚ್ಚಿ, ತರಬೇತಿ ಪಡೆದವರಿಗೆ ಮಾಸ್ಕ್ ಹಾಕಿಸಿ ತೆಗೆಸುವ ಖರ್ಚನ್ನು ನೀವು ಹೊಡೆದುಹಾಕಿದ್ದೀರಿ.

"ಕೂಲಿಯವರ ಮೂಗಿಗೆಲ್ಲ ದರ ಕಟ್ತಾ ಕೂತ್ರೆ ಕೆಲಸ ಬೇರೆಯವರ ಪಾಲಾಗುತ್ತೆ ಕಣೇ. ಮೇಲಿರೋದು ಯಾರಿಗೆ ಕಾಣುತ್ತೆ?" ಎಂದಿರಿ.

ನನಗೆ ಕಂಡಿದೆ, ಮಾವ. ದರ ಹಾಕುವ ಮೊದಲು ಸೀಲಿಂಗಿನ ಒಂದು ಹಲಗೆ ಎತ್ತಿ, ತಲೆ ತೂರಿಸಿ ನೋಡಬೇಕೆಂದು ಕಲಿಸಿದವರು ನೀವೇ. ನೋಡಿದೆ. ಶೀಟುಗಳ ಅಂಚು ಮುಟ್ಟಿದರೆ ಉದುರುವಂತಿದೆ. ಆ ಧೂಳು ಎದೆಗಿಳಿದರೆ ಹೊರಗೆ ಬರುವುದಿಲ್ಲ. ಶೀಟು ಒಡೆಯುವ ಕೂಲಿ ಗುಂಪಿನ ಅಕ್ಕ ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುತ್ತಾಳೆ. ಅವಳದೂ ಮೂಗೇ, ಮಗುವಿನದೂ ಮೂಗೇ.

ಹೊಡೆದುಹಾಕಿದ್ದನ್ನು ಮತ್ತೆ ಸೇರಿಸಿದ್ದೇನೆ. ಆ ಖರ್ಚನ್ನು ತೆಗೆಯಲೇಬೇಕೆಂದರೆ ಸೋಮವಾರ ಆಸ್ಪತ್ರೆಗೆ ಬನ್ನಿ. ಮೊದಲ ಶೀಟನ್ನು ನೆನೆಸದೆ, ಬರೀ ಮುಖದಲ್ಲಿ, ನಿಮ್ಮ ಕೈಯಾರೆ ಒಡೆಯಿರಿ. ಕೆಳಗೆ ಏಣಿ ಹಿಡಿದು ನಾನು ನಿಲ್ಲುತ್ತೇನೆ, ನಾನೂ ಮಾಸ್ಕ್ ಹಾಕುವುದಿಲ್ಲ. ಆಮೇಲೆ ಸಹಿ ಕೇಳಿ.

ಅದಾಗದಿದ್ದರೆ ಎಸ್ಟಿಮೇಟು ಹೀಗೆಯೇ ಹೋಗಲಿ. ನನ್ನನ್ನು ಕುರ್ಚಿಯಿಂದ ಎಬ್ಬಿಸಬೇಕೆನಿಸಿದರೆ ಎಬ್ಬಿಸಿ. ಆಸ್ಪತ್ರೆಯವರಿಗೆ ಇದನ್ನು ಹೇಳುವ ಬಾಯಿ ಕುರ್ಚಿಯ ಜೊತೆ ನಿಮ್ಮಲ್ಲಿ ಉಳಿಯುವುದಿಲ್ಲ, ನನ್ನ ಜೊತೆ ಬರುತ್ತದೆ.

ಭಾನುವಾರ ಎಂದಿನಂತೆ ಊಟಕ್ಕೆ ಬರುತ್ತೇನೆಂದು ಅತ್ತೆಗೆ ತಿಳಿಸಿ. ಎದುರಿಗೇ ಕೂರುತ್ತೇನೆ.

ನಿಮ್ಮ ಅಕ್ಕನ ಮಗಳು,
ಇಂದಿಗೂ ನಿಮ್ಮ ಕಚೇರಿಯ ಹಿರಿಯ ಎಸ್ಟಿಮೇಟರ್