ಎಡೆಗೆ ಸಿಗರೇಟು ಬೇಡ

ರೇನರ್ಸ್ ಲೇನ್, ಲಂಡನ್
೫ ಅಕ್ಟೋಬರ್ ೨೦೦೭

ಪ್ರೀತಿಯ ಮೈದುನ ಕರುಣಾಕರನಿಗೆ,

ಗುರುವಾರ ಮಹಾಲಯ ಅಮಾವಾಸ್ಯೆ. ನಿನ್ನ ಅಣ್ಣನಿಗೆ ಎಡೆ ಇಡುತ್ತೇನೆ, ಬರಲೇಬೇಕು. ಕೋಳಿ ಸಾರು, ನೀರುದೋಸೆ ನಾನು ಮಾಡುತ್ತೇನೆ. ನೀನು ಸಿಗರೇಟು ಮಾತ್ರ ತರಬೇಡ.

ಹೋದ ವರ್ಷ ನೀನು ಎಲೆಯ ಪಕ್ಕ ಹಚ್ಚಿಟ್ಟದ್ದನ್ನು ಮಗ ಆಕಾಶ್ ಎತ್ತಿಕೊಂಡು, “ಡ್ಯಾಡ್ ವೇಸ್ಟ್ ಮಾಡ್ತಿರ್ಲಿಲ್ಲ” ಎಂದು ನಗುತ್ತಾ ಸೇದಿದ. ಈಗ ಅವನ ಕೋಟಿನ ಜೇಬಿನಲ್ಲಿ ಪ್ಯಾಕೆಟ್ಟೇ ಇರುತ್ತದೆ. ಈ ದೇಶದಲ್ಲಿ ವರ್ಷಕ್ಕೆ ಲಕ್ಷದಷ್ಟು ಜನ ಇದರಿಂದಲೇ ಸಾಯುತ್ತಾರಂತೆ. ನಮ್ಮ ಮನೆಯಿಂದ ಇನ್ನೊಬ್ಬ ಬೇಡ.

“ಅಣ್ಣನಿಗೆ ಇಷ್ಟದ್ದಲ್ವಾ ಅತ್ತಿಗೆ, ಇಡದಿದ್ರೆ ಹೇಗೆ?” ಎನ್ನುತ್ತೀಯ. ಇಷ್ಟವಿದ್ದದ್ದು ನಿಜ. ಆದರೆ ಆಸ್ಪತ್ರೆಯಲ್ಲಿ ಕೊನೆಕೊನೆಗೆ ಅವರು ಕೇಳಿದ್ದು ಸಿಗರೇಟನ್ನಲ್ಲ, ಕಿಟಕಿ ತೆರೆ ಎಂದು.

ಗುರುವಾರ ಕಿಟಕಿಗಳನ್ನೆಲ್ಲ ತೆರೆದಿಟ್ಟಿರುತ್ತೇನೆ. ಸ್ವೆಟರ್ ಹಾಕಿಕೊಂಡು ಬಾ.

ನಿನ್ನ ಅತ್ತಿಗೆ,
ಗುಣವತಿ