ಕುರ್ಚಿಗಳ ಪಟ್ಟಿಗೆ ಹೋದ ಕಾರ್ಖಾನೆ

ಮನೆ, ಮಹಡಿ ಕೋಣೆ
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ವೆಲ್ಡಿಂಗ್ ಕಿಡಿ ಹಾರಿ ಕಣ್ಣು ಕೆಂಪಾಗಿದೆ ಎಂದು ಬರೆದಿದ್ದೆಯಲ್ಲ, ಈಗ ವಾಸಿಯಾಯಿತೇ? ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಬೆಸುಗೆ ಹಾಕುವ ಶೂರತನ ಪರವೂರಿನಲ್ಲಿ ಬೇಡ. ಅಲ್ಲಿ ಬೈಯುವುದಕ್ಕೆ ಅತ್ತಿಗೆ ಇಲ್ಲ. ಇಲ್ಲಿ ಎಲ್ಲರೂ ಆರಾಮ. ನಿನ್ನ ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದು ಮಾತೆಲ್ಲ ಬರೀ ಗಾಳಿ. ಅತ್ತಿಗೆ ಮಾತ್ರ ದಿನಾ ಊಟಕ್ಕೆ ಕೂತಾಗ, "ಯಾವ ಪುಣ್ಯಾತ್ಮ ನಿಮ್ಮಣ್ಣನ ಅನ್ನಕ್ಕೆ ಕಲ್ಲು ಹಾಕಿದ್ನೋ, ಅವನ ಕೈ ಸೇದಿ ಹೋಗ್ಲಿ" ಅನ್ನುತ್ತಾರೆ. ನಾನು ತಲೆ ತಗ್ಗಿಸಿ ಉಣ್ಣುತ್ತೇನೆ. ಆ ಕೈ ನನ್ನದು ಅಣ್ಣಾ.

ನಮ್ಮ ಕಚೇರಿಯ ಕೆಲಸ ನಿನಗೆ ಗೊತ್ತು: ಯಾವ ಕಂಪನಿ ಯಾವ ಉದ್ಯಮದ್ದು ಎಂದು ವಿಂಗಡಿಸುವುದು. ಷೇರು ಕೊಳ್ಳುವವರು ಆ ಪಟ್ಟಿ ನೋಡಿಯೇ ಹಣ ಹಾಕುತ್ತಾರೆ. "ಬೀರುವಿನಲ್ಲಿ ಬಟ್ಟೆ ಜೋಡಿಸೋಕೂ ಸಂಬಳ ಕೊಡ್ತಾರಾ?" ಅಂತ ಕಿಚಾಯಿಸುತ್ತಿದ್ದೆಯಲ್ಲ, ಅದೇ ಕೆಲಸ. ನೀನಿದ್ದ ಕಾರ್ಖಾನೆ ಆಸ್ಪತ್ರೆ ಮಂಚ ಮಾಡುತ್ತದೆಂದು ವೈದ್ಯಕೀಯ ಸಲಕರಣೆಗಳ ಪಟ್ಟಿಯಲ್ಲಿತ್ತು. ಹೋದ ವರ್ಷ ಮಾರಾಟದ ಅರ್ಧಕ್ಕಿಂತ ಹೆಚ್ಚು ಪಾಲು ಕುರ್ಚಿಯದು. ಕಡತ ನನ್ನ ಮೇಜಿಗೇ ಬಂತು. ಅಣ್ಣ ಅಲ್ಲಿದ್ದಾನೆ, ಬೇರೆಯವರಿಗೆ ಕೊಡಿ ಅನ್ನಬೇಕಿತ್ತು, ಅನ್ನಲಿಲ್ಲ. ಅಣ್ಣನ ಕಂಪನಿಯೆಂದು ಮುಲಾಜು ನೋಡಿದಳು ಅನ್ನಿಸಿಕೊಳ್ಳಬಾರದೆಂಬ ಜಂಬ ಬೇರೆ. ಎರಡು ವರ್ಷದ ಮಾರಾಟ ನೋಡಬೇಕೆಂಬುದು ನಿಯಮ. ನಾನು ಒಂದೇ ವರ್ಷದ್ದು ನೋಡಿ, ಪೀಠೋಪಕರಣಗಳ ಪಟ್ಟಿಗೆ ತಳ್ಳಿ ಸಹಿ ಹಾಕಿದೆ. ಅದು ಯಾವುದೋ ಸಭಾಂಗಣಕ್ಕೆ ಒಮ್ಮೆ ಮಾತ್ರ ಬಂದ ಆರ್ಡರ್ ಎಂದು ಆಮೇಲೆ ತಿಳಿಯಿತು.

ವೈದ್ಯಕೀಯ ಕಂಪನಿಗಳಿಗಷ್ಟೇ ಹಣ ಹಾಕುವವರು ನಿಮ್ಮ ಷೇರನ್ನೆಲ್ಲ ಮಾರಿಬಿಟ್ಟರು. ಬೆಲೆ ನೆಲ ಕಚ್ಚಿತು, ಹೊಸ ಷೇರು ಮಾರಿ ತರಬೇಕೆಂದಿದ್ದ ಬಂಡವಾಳ ಹುಟ್ಟಲಿಲ್ಲ, ಮಂಚದ ವಿಭಾಗಕ್ಕೆ ಬೀಗ ಬಿತ್ತು. ಕೆಲಸ ಹೋಗಿ ನೀನು ಪರವೂರಿನ ಬಸ್ಸು ಹತ್ತಿದ ದಿನ ಚೀಲ ಹಿಡಿದು ಬಂದವಳು ನಾನೇ. "ನೀನಾದ್ರೂ ನೆಟ್ಟಗೆ ಕೆಲಸ ಮಾಡ್ಕೊಂಡಿರು" ಅಂದೆ ನೀನು. ಹೂಂ ಅಂದು ಚೀಲ ನಿನ್ನ ಕೈಗಿಟ್ಟೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಈಗ ಕಂಪನಿ ಮರುಪರಿಶೀಲನೆ ಕೇಳಿದೆ. ತಪ್ಪು ನನ್ನದೆಂದು ಬರೆದುಕೊಟ್ಟಿದ್ದೇನೆ. ಹಳೆಯ ಪಟ್ಟಿಗೆ ಮರಳಿದರೆ ಮಂಚದ ವಿಭಾಗ ತೆರೆದು ಹಳಬರನ್ನೇ ಕರೆಸಿಕೊಳ್ಳುತ್ತಾರಂತೆ. ಅತ್ತಿಗೆಗೆ ಇವತ್ತು ಸಂಜೆ ಹೇಳುತ್ತೇನೆ. ನೀನು ಬೇಕಾದಷ್ಟು ಬೈದು ಬರೆ, ಬರೆಯದೆ ಮಾತ್ರ ಇರಬೇಡ.

ಕಣ್ಣು ಜೋಪಾನ.

ನಿನ್ನ ತಂಗಿ,
(ನೀನು ಕರೆಯುವ) ಪಿಟೀಲು

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಎರಡನೇ ವರ್ಷದ ಲೆಕ್ಕ ಯಾಕೆ ನೋಡಲಿಲ್ಲ ಗೊತ್ತಾ? ಅದೇ ವಾರ ನೀನು, "ಮಂಚ ಯಾರಿಗೆ ಬೇಕು, ಈಗ ನಮ್ಮಲ್ಲಿ ಬರೀ ಕುರ್ಚಿ ಕಣೇ" ಅಂತ ತಮಾಷೆ ಮಾಡಿದ್ದೆ. ಅದನ್ನೇ ಕಡತದಲ್ಲಿ 'ಮಂಚದ ವಿಭಾಗದ ಹಿರಿಯ ವೆಲ್ಡರ್ ಹೇಳಿಕೆ' ಎಂದು ಬರೆದಿದ್ದೇನೆ. ಅಲ್ಲಿ ಹಿರಿಯ ವೆಲ್ಡರ್ ಅಂತ ಇದ್ದವನು ನೀನೊಬ್ಬನೇ. ಮರುಪರಿಶೀಲನೆಗೆಂದು ನಾಳೆ ಆ ಕಡತ ನಿಮ್ಮ ಕಾರ್ಖಾನೆಯ ಮಾಲೀಕರ ಕೈಗೆ ಹೋಗುತ್ತದೆ. ಅದಕ್ಕೆ ಮೊದಲೇ ಅವರನ್ನು ಕಂಡು ಎಲ್ಲ ಹೇಳುತ್ತೇನೆ. ಆದರೂ ಉಳಿದವರನ್ನೆಲ್ಲ ಕರೆದು ನಿನ್ನೊಬ್ಬನನ್ನು ಬಿಟ್ಟರೆ, ಯಾಕೆಂದು ತಲೆ ಕೆಡಿಸಿಕೊಳ್ಳಬೇಡ ಅಣ್ಣಾ. ನಿನ್ನಿಂದ ಏನೂ ತಪ್ಪಾಗಿಲ್ಲ. ತಂಗಿಯ ಎದುರು ಬಾಯಿಬಿಟ್ಟು ನಕ್ಕೆ, ಅಷ್ಟೆ.