ತೇಪೆಯ ಪಕ್ಕದ ಜಾಗ

ಸುವೈಕ್, ಒಮಾನ್
೧೧ ಫೆಬ್ರವರಿ ೨೦೦೮, ಸೋಮವಾರ

ಪ್ರೀತಿಯ ಮಗಳೇ ಝುಬೈದಾ,

ಅಸ್ಸಲಾಮು ಅಲೈಕುಂ. ನಿನ್ನ ಕೆಮ್ಮು ಕಡಿಮೆಯಾಯಿತಾ? ಉಮ್ಮನ ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳಲು ಅವಳು ಒಪ್ಪುವುದಿಲ್ಲ, ನೀನೇ ಹಿಡಿದು ಕೂರಿಸಬೇಕು. ನಾನು ಸೌಖ್ಯ. ಇಲ್ಲಿಯ ಚಳಿ ಹಿತವಾಗಿದೆ, ರೂಮಿನಲ್ಲಿ ವಾಲ್ಟರ್ ಮಾಡುವ ಮೀನುಸಾರು ಮಾತ್ರ ಹಿತವಾಗಿಲ್ಲ. ಹೋದ ವಾರ ಫೋನಿನಲ್ಲಿ ನಾನು ಅರ್ಧಂಬರ್ಧ ಮಾತಾಡಿದ್ದಕ್ಕೆ ಬೇಸರಿಸಬೇಡ. ಬೆನ್ನಿಗೇ ಜನ ಸಾಲು ನಿಂತಿರುವಾಗ ಮಗಳ ಸಂಸಾರದ ಮಾತು ಬಾಯಿಗೆ ಬರುವುದಿಲ್ಲ. ನಿನ್ನ ಗಂಡ ಅಫ್ರಾಜ್‌ನ ಮನೆಯವರು ಈ ಶುಕ್ರವಾರ ನಿನ್ನನ್ನು ಕರೆದೊಯ್ಯಲು ಬರುತ್ತಾರಂತೆ, ಜಮಾತಿನ ಹಿರಿಯರು ಒಪ್ಪಿದ್ದಾರಂತೆ, ಇನ್ನು ನಾನು ಹೂಂ ಅನ್ನುವುದೊಂದೇ ಬಾಕಿಯಂತೆ. ನಾಳೆ ಇಲ್ಲಿಂದ ನಮ್ಮೂರಿನ ಹುಡುಗ ಸಲಾಂ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಬುಧವಾರ ನಿನಗೆ ಸಿಗುತ್ತದೆ. ಆ ವಿಷಯಕ್ಕೆ ಬರುತ್ತೇನೆ. ಮೊದಲು ಇಲ್ಲಿಯ ಒಂದು ಗಾಡಿಯ ಕಥೆ ಕೇಳು, ನಗು ಬರುತ್ತದೆ.

ನಮ್ಮ ಯಜಮಾನರಾದ ಕಫೀಲರ ಮಗ ಹಿಲಾಲ್ ಕೆನಡಾದಲ್ಲಿ ಓದಿ ಬಂದವನು. ಬರುವಾಗ ಒಂದು ಸ್ನೋಮೊಬೈಲ್ ತಂದಿದ್ದಾನೆ. ಹಿಮದ ಮೇಲೆ ಓಡುವ ಗಾಡಿ. ಚಕ್ರವೇ ಇಲ್ಲ, ಮುಂದೆ ಎರಡು ಜಾರುಪಟ್ಟಿ, ಹಿಂದೆ ಅಗಲದ ರಬ್ಬರ್ ಬೆಲ್ಟು. ಈ ಮರಳುಗಾಡಿನಲ್ಲಿ! ನಾವು ದೋಣಿ ರಿಪೇರಿ ಮಾಡುವ ಶೆಡ್ಡಿಗೆ ಅದನ್ನು ಇಳಿಸಿದಾಗ ವಾಲ್ಟರ್ ಸುತ್ತ ಒಂದು ಸುತ್ತು ಹಾಕಿ, "ಎಂತದು ಮಾರಾಯಾ ಇದು, ದೋಣಿಯಾ ಬೈಕಾ?" ಎಂದ. ಚಕ್ರವಿಲ್ಲದ್ದು ನಮ್ಮ ಲೆಕ್ಕದಲ್ಲಿ ದೋಣಿಯೇ ತಾನೆ. ಹಾಗಾಗಿ ದೋಣಿ ಇಡುವ ಅಡ್ಡೆಯ ಮೇಲೇ ಅದನ್ನೂ ಏರಿಸಿದೆವು. ಮರಳಿನ ದಿಬ್ಬದಿಂದ ಹಾರಿಸಿ ಹಿಲಾಲ್ ಚೌಕಟ್ಟಿನ ಒಂದು ತೋಳು ಬಿರುಕು ಬಿಡಿಸಿದ್ದ, ಮುಂದಿನ ಜಾರುಪಟ್ಟಿಯನ್ನು ಹಿಡಿದಿಡುವ ತೋಳು. ಅದು ಕಬ್ಬಿಣವಲ್ಲ, ಕಾರ್ಬನ್ ಫೈಬರ್. ಕೂದಲಿಗಿಂತ ಸಣ್ಣ ಕಪ್ಪು ಎಳೆಗಳನ್ನು ಬಟ್ಟೆಯ ಹಾಗೆ ನೇಯ್ದು ಅಂಟು ಕುಡಿಸಿ ಗಟ್ಟಿ ಮಾಡಿದ್ದು. ಒಂದೇ ಕೈಯಲ್ಲಿ ಎತ್ತಬಹುದು, ಅಷ್ಟು ಹಗುರ.

ನಾನು ಅದಕ್ಕೆ ದೋಣಿಯ ಮದ್ದನ್ನೇ ಮಾಡಿದೆ. ಉಳ್ಳಾಲದಲ್ಲಿ ಕಲಿತದ್ದು ಅದೇ: ಒಡೆದಲ್ಲಿ ಫೈಬರ್ ಹಾಸು, ಅಂಟು ಹಚ್ಚು, ಇನ್ನೊಂದು ಪದರ ಹಾಸು, ದಪ್ಪವಾದಷ್ಟೂ ಗಟ್ಟಿ. ಉಜ್ಜಿ ಬಣ್ಣ ಹೊಡೆದ ಮೇಲೆ ತೇಪೆ ಎಲ್ಲಿದೆ ಎಂದು ನನಗೇ ಹುಡುಕಬೇಕಾಯಿತು. ಹಿಲಾಲ್ ಬೆನ್ನು ತಟ್ಟಿ ಒಯ್ದ. ಮರುವಾರ ಅದೇ ತೋಳು ಮುರಿದು ಅವನ ಹೆಗಲೆಲುಬೂ ಮುರಿಯಿತು. ತಂದು ನೋಡುತ್ತೇನೆ, ನನ್ನ ತೇಪೆ ಕಲ್ಲಿನ ಹಾಗೆ ಕೂತಿದೆ! ಮುರಿದದ್ದು ಅದರ ಪಕ್ಕದಲ್ಲಿ. ನಾನು ದಪ್ಪ ಮಾಡಿದ ಜಾಗ ಸ್ವಲ್ಪವೂ ಬಗ್ಗಲಿಲ್ಲ, ಬಗ್ಗುವ ಪಾಡೆಲ್ಲ ಪಕ್ಕದ ತೆಳು ಜಾಗಕ್ಕೆ ಬಿತ್ತು.

ಕಫೀಲ್ ಬಂದು, "ಮೊಯ್ದು, ಅಲ್ಲಿಗೂ ಒಂದು ತೇಪೆ ಹಾಕು, ಖಲಾಸ್" ಎಂದರು. ನಾನು ಹಲಸಿನಹಣ್ಣು ತಟ್ಟಿ ನೋಡುವ ಹಾಗೆ ನಾಣ್ಯದಿಂದ ತೋಳಿನುದ್ದಕ್ಕೂ ತಟ್ಟಿದೆ. ಟಣ್ ಎನ್ನಬೇಕಾದ ಕಡೆಯೆಲ್ಲ ಡಬ್ ಡಬ್ ಎಂದಿತು. ಹೊರಗೆ ಹೊಳಪು, ಒಳಗೆ ಪದರ ಬಿಟ್ಟಿದೆ. ಆಗುವುದಿಲ್ಲ, ಹೊಸ ತೋಳೇ ಬೇಕು ಎಂದೆ. ಕಫೀಲ್ ಸಿಟ್ಟಾದರು. ತಿರುಗಿ ಸಿಟ್ಟಾಗುವ ಧೈರ್ಯ ನನಗೆಲ್ಲಿದೆ? ಸುಮ್ಮನೆ ಸಾಮಾನು ಒರೆಸುತ್ತಾ ನಿಂತೆ, ಆದರೆ ಅಂಟಿನ ಡಬ್ಬಿ ಮುಟ್ಟಲಿಲ್ಲ. ಕಡೆಗೆ ಹಿಲಾಲನೇ ಕೊರಳಿಗೆ ಕೈ ಕಟ್ಟಿಕೊಂಡು ಬಂದು, ಕೆನಡಾದಿಂದ ಹೊಸದು ತರಿಸುತ್ತೇನೆ ಎಂದು ಅಪ್ಪನನ್ನು ಒಪ್ಪಿಸಿದ.

ಮಗಳೇ, ಅಂದಿನಿಂದ ನನಗೆ ನಿನ್ನದೇ ಯೋಚನೆ. ಅಫ್ರಾಜ್ ಕೈಮಾಡಿದಾಗ ನಮ್ಮ ಜಮಾತಿನ ಮುಹಿಯುದ್ದೀನ್ ಹಾಜಿ ಅವನನ್ನು ಮಸೀದಿಯಲ್ಲಿ ಕೂರಿಸಿ ಇನ್ನು ಹೊಡೆಯುವುದಿಲ್ಲ ಎಂದು ಮಾತು ತೆಗೆದುಕೊಂಡರು. ಅವನು ಮಾತು ತಪ್ಪಲಿಲ್ಲ, ಹೊಡೆಯಲಿಲ್ಲ. ನಿನ್ನನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿ ಅಂಗಡಿಗೆ ಹೋಗತೊಡಗಿದ. ಈಗ ಹಿರಿಯರು ಬೀಗ ಹಾಕುವುದಿಲ್ಲ ಎಂಬ ಮಾತನ್ನೂ ತೆಗೆದುಕೊಂಡಿದ್ದಾರಂತೆ. "ಗಂಡಸು ಮಾತು ಕೊಟ್ಟಿದ್ದಾನೆ, ಇನ್ನೆಂತ ಬೇಕು ಮೊಯ್ದು ನಿಂಗೆ?" ಎಂದು ಹಾಜಿ ಫೋನಿನಲ್ಲಿ ಕೇಳಿದರು. ಅವರು ಒಳ್ಳೆಯವರು, ನಿನ್ನ ಕೇಡು ಬಯಸುವವರಲ್ಲ. ಆದರೂ ನನಗೆ ಹೆದರಿಕೆಯಾಗುತ್ತದೆ, ಝುಬೈದಾ. ಆ ಮನೆಯಲ್ಲಿ ಬಗ್ಗುವವಳು ನೀನೊಬ್ಬಳೇ.

ಉಮ್ಮನಿಗೆ ನನ್ನ ಸಲಾಂ ಹೇಳು. ಸಲಾಂನ ಕೈಯಲ್ಲಿ ಅವಳಿಗೆ ನೋವಿನ ಮುಲಾಮು, ನಿನಗೆ ಖರ್ಜೂರ ಕಳಿಸಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಾಹನು ನಿನ್ನನ್ನು ಕಣ್ಣರೆಪ್ಪೆಯ ಹಾಗೆ ಕಾಯಲಿ.

ನಿನ್ನ ಬಾಪ,
ಮೊಯ್ದು

ಮರೆಯುವ ಮೊದಲು: ಸಲಾಂ ಕಾಗದ ಒಯ್ಯಲು ಬಂದು ಬಾಗಿಲಲ್ಲಿ ನಿಂತು ಯಲ್ಲಾ ಯಲ್ಲಾ ಎಂದು ಅವಸರ ಮಾಡುತ್ತಿದ್ದಾನೆ. ಹಾಜಿಯವರಿಗೆ ಈ ಕಾಗದವನ್ನೇ ತೋರಿಸು, ನಾನು ಹೂಂ ಅನ್ನಲಿಲ್ಲ. ಶುಕ್ರವಾರ ಅವರ ಕಾರು ಬಂದರೆ ಬಂದವರಿಗೆಲ್ಲ ಚಹಾ ಕೊಡಿ, ಡ್ರೈವರನಿಗೂ ಕೊಡಿ. ಕಾರಿನಲ್ಲಿ ನಿನ್ನ ಸೀಟು ಖಾಲಿ ಹೋಗಲಿ.